ಅನ್ನ ಇಳಿಸಿ, ಕಾಳು ಏರಿಸಿ: ಮಿದುಳಿನ ಆರೋಗ್ಯಕ್ಕಾಗಿ ಮಲೆನಾಡಿನ ಊಟ ಬದಲಿಸುವ ಕ್ರಮ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಇನ್ನೂ ಸಲೀಸಾಗಿ ಆಡುತ್ತಾರೆ. ಅಜ್ಜಿ ಅದೇ ಪ್ರಶ್ನೆಯನ್ನು ನಾಲ್ಕನೇ ಸಲ ಕೇಳಿದರೆ ವಯಸ್ಸಾಯ್ತು ಅಂತ ಸುಮ್ಮನಾಗುತ್ತಾರೆ. ಪರಿಚಯದವರ ಹೆಸರು ತಟ್ಟನೆ ನಾಲಿಗೆಗೆ ಬಾರದಿರುವುದು ವಯಸ್ಸಿನ ಸಹಜ ಗುಣ. ದಿನವೂ ನಡೆದ ತೋಟದ ದಾರಿ ತಪ್ಪುವುದು, ಅಡಿಕೆ ಮಂಡಿಯ ಲೆಕ್ಕ ಕೂಡಲು ಬಾರದಿರುವುದು ಕಾಯಿಲೆ. ಅದಕ್ಕೆ ಡಿಮೆನ್ಷಿಯಾ ಎಂಬ ಹೆಸರಿದೆ. 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಅದು ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು.

ಈ ಕಾಯಿಲೆಗೂ ತಟ್ಟೆಯಲ್ಲಿರುವ ಅನ್ನಕ್ಕೂ ನಂಟಿದೆಯೇ? ಇದೆ, ಆದರೆ ಸುತ್ತಿ ಬರುವ ನಂಟು. ಅನ್ನ ತಿಂದರೆ ಮರೆವು ಬರುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ. ವರ್ಷಗಟ್ಟಲೆ ಏರಿಯೇ ಇರುವ ರಕ್ತದ ಸಕ್ಕರೆ, ಹೊಟ್ಟೆಯ ಸುತ್ತ ಕೂತ ಬೊಜ್ಜು, ಇನ್ಸುಲಿನ್‌ಗೆ ಮೈ ಮಣಿಯದಿರುವುದು, ಇವು ಮಿದುಳಿಗೆ ಕೇಡು ಎನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆ. ಕಾರ್ಬೋಹೈಡ್ರೇಟ್ ಇಳಿಸುವುದು ಈ ಮೂರನ್ನೂ ಹತೋಟಿಗೆ ತರುವ ಒಂದು ಒಳ್ಳೆಯ ದಾರಿ. ಅದನ್ನು ನಮ್ಮ ಅಡುಗೆಮನೆಯಲ್ಲಿ, ನಮ್ಮ ಸಾಮಾನಿನಲ್ಲೇ, ಅಪಾಯವಾಗದಂತೆ ಮಾಡುವ ಕ್ರಮ ಇಲ್ಲಿದೆ. (ಮುಂದೆ ಕಾರ್ಬೋಹೈಡ್ರೇಟನ್ನು ಕಾರ್ಬ್ ಎಂದೇ ಬರೆಯುತ್ತೇವೆ. ಪಿಷ್ಟ, ಸಕ್ಕರೆ ಎರಡೂ ಅದರಲ್ಲಿ ಸೇರಿದವು.)

ಮಿದುಳು ಏನು ತಿನ್ನುತ್ತದೆ

ಮಿದುಳಿನ ತೂಕ ಮೈತೂಕದ ಶೇ 2ರಷ್ಟೇ. ಮೈ ಸುಡುವ ಶಕ್ತಿಯಲ್ಲಿ ಶೇ 20ರಷ್ಟು ಅದಕ್ಕೇ ಬೇಕು. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಖರ್ಚಾಗುತ್ತದೆ. ಹಾಗಂತ ಅಷ್ಟೂ ಗ್ಲೂಕೋಸನ್ನು ಅನ್ನದಿಂದಲೇ ಕೊಡಬೇಕಿಲ್ಲ, ಯಕೃತ್ತು ತಾನೇ ತಯಾರಿಸಬಲ್ಲದು. ಕಾರ್ಬ್ ತೀರಾ ಕಡಿಮೆಯಾದರೆ ಯಕೃತ್ತು ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಇನ್ನೊಂದು ಇಂಧನ ಮಾಡುತ್ತದೆ. ದೀರ್ಘ ಉಪವಾಸದಲ್ಲಿ ಮಿದುಳಿನ ಅರ್ಧಕ್ಕಿಂತ ಹೆಚ್ಚು ಕೆಲಸ ಕೀಟೋನಿನಿಂದಲೇ ನಡೆಯುತ್ತದೆ ಎಂಬುದು 1967ರಷ್ಟು ಹಿಂದೆಯೇ ಗೊತ್ತಾದ ಸಂಗತಿ.

ಡಿಮೆನ್ಷಿಯಾದ ಅತಿ ಸಾಮಾನ್ಯ ರೂಪವಾದ ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನ ಕೆಲವು ಭಾಗಗಳು ಗ್ಲೂಕೋಸ್ ಹೀರುವುದು ಕಡಿಮೆಯಾಗುತ್ತದೆ. ಕೀಟೋನ್ ಹೀರುವ ಶಕ್ತಿ ಬಹುಮಟ್ಟಿಗೆ ಉಳಿದಿರುತ್ತದೆ. ‘ಕೀಟೋ ಊಟ ಮಿದುಳಿಗೆ ಒಳ್ಳೆಯದು’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಕೀಟೋ ಊಟ ಎಂದರೆ ಕಾರ್ಬ್ ತೀರಾ ಇಳಿಸಿ ಮೈಯಲ್ಲಿ ಕೀಟೋನ್ ಹೆಚ್ಚಿಸುವ ಊಟ. ಪ್ರಯೋಗಗಳೂ ನಡೆದಿವೆ, ಆದರೆ ಚಿಕ್ಕವು. 2012ರಲ್ಲಿ ಸ್ವಲ್ಪ ಮರೆವು ಶುರುವಾಗಿದ್ದ 23 ಹಿರಿಯರ ಮೇಲೆ ಆರು ವಾರದ ಅಧ್ಯಯನ ನಡೆಯಿತು. ಕಾರ್ಬ್ ತೀರಾ ಇಳಿಸಿದವರಿಗೆ ಪದಗಳನ್ನು ನೆನಪಿಡುವ ಪರೀಕ್ಷೆಯಲ್ಲಿ ಸುಧಾರಣೆ ಕಂಡಿತು. 2021ರಲ್ಲಿ ನ್ಯೂಜಿಲೆಂಡಿನಲ್ಲಿ 26 ಆಲ್ಝೈಮರ್ ರೋಗಿಗಳಿಗೆ 12 ವಾರ ಕೀಟೋ ಊಟ ಕೊಟ್ಟರು. ದಿನನಿತ್ಯದ ಕೆಲಸ ಮಾಡಿಕೊಳ್ಳುವುದರಲ್ಲಿ, ಬದುಕಿನ ನೆಮ್ಮದಿಯಲ್ಲಿ ಗುಣ ಕಂಡಿತು. ನೆನಪು, ಯೋಚನಾಶಕ್ತಿಯಲ್ಲಿ ಕಂಡ ವ್ಯತ್ಯಾಸ ಗಟ್ಟಿಯಾಗಿ ಹೇಳುವಷ್ಟಿರಲಿಲ್ಲ. ಹತ್ತಾರು ಜನ, ಕೆಲವು ವಾರ. ಇಷ್ಟನ್ನು ನಂಬಿ ಮನೆಯ ಹಿರಿಯರಿಗೆ ಕೀಟೋ ಶುರುಮಾಡುವುದು ದುಡುಕು.

ಸಕ್ಕರೆಯ ಕಡೆಯ ಪುರಾವೆ ಇದಕ್ಕಿಂತ ಬಲವಾದದ್ದು. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಯಾಬಿಟಿಸ್ ಇಲ್ಲದವರಲ್ಲೂ ಸರಾಸರಿ ಸಕ್ಕರೆ 100ರ ಬದಲು 115 ಇದ್ದವರಿಗೆ ಡಿಮೆನ್ಷಿಯಾ ಅಪಾಯ ಶೇ 18ರಷ್ಟು ಹೆಚ್ಚಿತ್ತು. ಡಯಾಬಿಟಿಸ್ ಇದ್ದವರಲ್ಲಿ 160ರ ಬದಲು 190 ಇದ್ದರೆ ಶೇ 40ರಷ್ಟು ಹೆಚ್ಚು. ಏರಿದ ಸಕ್ಕರೆ ಮಿದುಳಿನ ಕೂದಲೆಳೆಯಂಥ ರಕ್ತನಾಳಗಳನ್ನು ಕೆಡಿಸುತ್ತದೆ. ಇದು ಹೇಳದೆ ಕೇಳದೆ ನಡೆಯುವ ಕೆಲಸ. ಮರೆವು ಕಣ್ಣಿಗೆ ಬೀಳುವ 15–20 ವರ್ಷ ಮೊದಲೇ ಮಿದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಮೊದಲು ಬೇಕಾಗಿರುವುದು ನಲವತ್ತು, ಐವತ್ತರ ಆಸುಪಾಸಿನವರಿಗೆ.

ಶುರುಮಾಡುವ ಮೊದಲು: ರಕ್ತ ಪರೀಕ್ಷೆ, ಮಾತ್ರೆ ಚೀಟಿ

ಈ ಹೆಜ್ಜೆ ಹಾರಿಸಿದವರೇ ಆಸ್ಪತ್ರೆ ಸೇರುವುದು. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ), ಕೊಲೆಸ್ಟರಾಲ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಥೈರಾಯ್ಡ್‌ನ ಟಿಎಸ್‌ಎಚ್, ವಿಟಮಿನ್ ಬಿ12, ಇಷ್ಟನ್ನು ಒಮ್ಮೆ ಮಾಡಿಸಿ. ಬಿಪಿ, ತೂಕ, ಹೊಕ್ಕಳ ಮಟ್ಟದ ಸೊಂಟದ ಸುತ್ತಳತೆ ಬರೆದಿಡಿ. ಎಚ್‌ಬಿಎ1ಸಿ 5.7ಕ್ಕಿಂತ ಕೆಳಗಿದ್ದರೆ ಸರಿ, 5.7ರಿಂದ 6.4 ಗಡಿಯ ಮೇಲೆ, 6.5 ಮತ್ತು ಮೇಲ್ಪಟ್ಟರೆ ಡಯಾಬಿಟಿಸ್. ಬಿ12 ಮತ್ತು ಥೈರಾಯ್ಡ್ ಏಕೆಂದರೆ, ಇವೆರಡರ ಕೊರತೆಯೂ ಮರೆವು, ಮಂಕು ತರುತ್ತದೆ ಮತ್ತು ಔಷಧಿಯಿಂದ ಸರಿಹೋಗಬಹುದು. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿದಿರುವುದು ಸಾಮಾನ್ಯ. ಅದನ್ನು ನೋಡದೆ ಅನ್ನ ಬಿಡಿಸುತ್ತ ಕೂತರೆ ಗುಣವಾಗಬಹುದಾದ ಕಾಯಿಲೆಯೇ ಉಳಿದುಹೋಗುತ್ತದೆ.

ಈಗ ಮಾತ್ರೆ ಚೀಟಿ ತೆಗೆಯಿರಿ. ಅದರಲ್ಲಿ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಎಂಬ ಶುಗರ್ ಮಾತ್ರೆ ಇದೆಯೇ? ಇನ್ಸುಲಿನ್ ಇದೆಯೇ? ಹಾಗಿದ್ದರೆ ವೈದ್ಯರು ಡೋಸ್ ಇಳಿಸುವ ಮೊದಲು ಒಂದು ಸೌಟು ಅನ್ನವನ್ನೂ ಕಡಿಮೆ ಮಾಡಬೇಡಿ. ಹಳೆಯ ಊಟಕ್ಕೆಂದು ಬರೆದ ಡೋಸು ಹೊಸ ಊಟದ ಮೇಲೆ ಬಿದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯುತ್ತದೆ. ನಡುರಾತ್ರಿ ಮೈ ಬೆವರಿ ತೊಪ್ಪೆ, ಕೈನಡುಕ, ತೊದಲು ಮಾತು, ಎಲ್ಲಿದ್ದೇನೆ ಎಂಬುದೇ ತಿಳಿಯದ ಗೊಂದಲ. ಎಪ್ಪತ್ತರ ಹಿರಿಯರಲ್ಲಿ ಈ ಗೊಂದಲವನ್ನೇ ಮನೆಯವರು ಅರಳುಮರಳು ಎಂದುಕೊಂಡು ಮಲಗಿಸಿಬಿಡುತ್ತಾರೆ. ಪದೇಪದೇ ಹೀಗೆ ಸಕ್ಕರೆ ಕುಸಿದವರಲ್ಲಿ ಮುಂದೆ ಡಿಮೆನ್ಷಿಯಾ ಹೆಚ್ಚು ಎಂದು 2009ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ಮಿದುಳು ಉಳಿಸಲು ಹೊರಟು ಮಿದುಳಿಗೇ ಪೆಟ್ಟು ಕೊಟ್ಟಂತಾಗುತ್ತದೆ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ ‘ಗ್ಲಿಫ್ಲೋಜಿನ್’ ಎಂದು ಹೆಸರು ಕೊನೆಗೊಳ್ಳುವ ಶುಗರ್ ಮಾತ್ರೆಗಳದು ಬೇರೆಯದೇ ಅಪಾಯ. ಇವನ್ನು ನುಂಗುತ್ತ ಕಾರ್ಬ್ ತೀರಾ ಇಳಿಸಿದರೆ ರಕ್ತ ಆಮ್ಲವಾಗುವ ಕೀಟೋಅಸಿಡೋಸಿಸ್ ಬರಬಹುದು. ಮೋಸವಿರುವುದು ಎಲ್ಲೆಂದರೆ, ಆಗ ಗ್ಲುಕೋಮೀಟರ್ ಹೆಚ್ಚೇನೂ ತೋರಿಸದಿರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ‘ಶುಗರ್ ನಾರ್ಮಲ್ ಇದೆಯಲ್ಲ’ ಎಂದು ಮನೆಯಲ್ಲಿ ಉಳಿಯಬೇಡಿ. ನೇರ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಮೊದಲೇ ಹೇಳಿ.

ಕಿಡ್ನಿ ತೊಂದರೆ ಇರುವವರು, ಬಸುರಿ ಬಾಣಂತಿಯರು, ಈಗಾಗಲೇ ತೂಕ ಇಳಿಯುತ್ತಿರುವ ಹಿರಿಯರು ಈ ಕ್ರಮ ಹಿಡಿಯಬಾರದು. ಡಿಮೆನ್ಷಿಯಾ ಇರುವವರು ತಿನ್ನುವುದನ್ನೇ ಮರೆತು ಸೊರಗುತ್ತಾರೆ. ಅವರಿಗೆ ಬೇಕಿರುವುದು ಮೈ ಹಿಡಿದು ನಿಲ್ಲಿಸುವ ಊಟ. ಇಷ್ಟಪಟ್ಟು ಎರಡು ಕಡುಬು ತಿಂದರೆ ತಿನ್ನಲಿ ಬಿಡಿ.

ಮೊದಲ ವಾರ: ಏನೂ ಬಿಡಬೇಡಿ, ತೂಗಿ

ಅಡುಗೆಮನೆಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತನ್ನಿ. ಪಾವು, ಲೋಟದ ಲೆಕ್ಕ ಮನೆಯಿಂದ ಮನೆಗೆ ಬೇರೆ. ಏಳು ದಿನ ಎಂದಿನಂತೆಯೇ ಉಣ್ಣಿ, ತೂಗಿ ಬರೆಯಿರಿ.

ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್. ಬೆಂದ ಅನ್ನವನ್ನೇ ತೂಗಿದರೆ ನೂರಕ್ಕೆ 28. ತೀರ್ಥಹಳ್ಳಿ, ಹೊಸನಗರದ ಕಡೆಯ ಒಂದು ಸಾಮಾನ್ಯ ದಿನ ನೋಡಿ. ಬೆಳಗ್ಗೆ ತಲಾ 50 ಗ್ರಾಂ ಹಿಟ್ಟಿನ ಮೂರು ಅಕ್ಕಿರೊಟ್ಟಿ ಎಂದರೆ 120 ಗ್ರಾಂ ಕಾರ್ಬ್. ಮಧ್ಯಾಹ್ನ 150 ಗ್ರಾಂ ಅಕ್ಕಿಯ ಅನ್ನಕ್ಕೆ 117. ರಾತ್ರಿ ನೂರು ಗ್ರಾಂ ಅಕ್ಕಿಗೆ 78. ಎರಡೆರಡು ಚಮಚ ಸಕ್ಕರೆಯ ಮೂರು ಕಾಫಿಗೆ 30. ಒಟ್ಟು 345 ಗ್ರಾಂ. ಸಂಜೆಯ ಹಲಸಿನ ಹಪ್ಪಳ, ಬಾಳೆಹಣ್ಣು ಇನ್ನೂ ಸೇರಿಲ್ಲ.

ಗದ್ದೆ ನಾಟಿ, ಮರಕೊಯ್ಲು, ಸೊಪ್ಪಿನಬೆಟ್ಟದಿಂದ ಹೊರೆ ಹೊತ್ತು ತರುವ ದಿನಗಳಲ್ಲಿ ಈ ಊಟ ಮೈಯಲ್ಲಿ ಸುಟ್ಟುಹೋಗುತ್ತಿತ್ತು. ಈಗ ಟಿಲ್ಲರ್ ಬಂದಿದೆ, ಅಡಿಕೆ ಸುಲಿಯಲು ಯಂತ್ರ ಬಂದಿದೆ, ಪೇಟೆಗೆ ಬೈಕಿದೆ. ತಟ್ಟೆ ಮಾತ್ರ ಅಜ್ಜನ ಕಾಲದ್ದೇ. ಭಾರತೀಯರು ಉಣ್ಣುವ ಶಕ್ತಿಯಲ್ಲಿ ಶೇ 62ರಷ್ಟು ಕಾರ್ಬಿನಿಂದಲೇ ಬರುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ದೇಶವ್ಯಾಪಿ ಸಮೀಕ್ಷೆ ಕಂಡುಕೊಂಡಿದೆ.

ಎಷ್ಟಕ್ಕೆ ಇಳಿಸಬೇಕು? ದಿನಕ್ಕೆ 130 ಗ್ರಾಂಗಿಂತ ಕಡಿಮೆಯಾದರೆ ಅದನ್ನು ಕಡಿಮೆ ಕಾರ್ಬಿನ ಊಟ ಎನ್ನುತ್ತಾರೆ, 20ರಿಂದ 50 ಗ್ರಾಂ ಕೀಟೋ. ನಮ್ಮ ಸಲಹೆ 130–150ರ ಹತ್ತಿರ ನಿಲ್ಲಿ ಎಂದು. ಸಕ್ಕರೆ, ಬೊಜ್ಜು ಇಳಿಯಲು ಹೆಚ್ಚಿನವರಿಗೆ ಅಷ್ಟು ಸಾಕು, ಮತ್ತು ಅದನ್ನು ಹತ್ತು ವರ್ಷ ನಡೆಸಿಕೊಂಡು ಹೋಗಬಹುದು. ಕೀಟೋ ಹಿಡಿದವರಲ್ಲಿ ಹಲವರು ಬೇಸತ್ತು ಬಿಡುತ್ತಾರೆ.

ಎರಡರಿಂದ ಆರನೇ ವಾರ: ಹೊತ್ತಿಗೊಂದರಂತೆ

ಮೊದಲು ಕುಡಿಯುವ ಸಕ್ಕರೆ ಬಿಡಿ. ಕಾಫಿಗೆ ಹಾಕುವುದನ್ನು ಮೂರು ದಿನಕ್ಕೆ ಅರ್ಧ ಚಮಚದಂತೆ ಇಳಿಸಿದರೆ ಎರಡು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಬೆಲ್ಲಕ್ಕೆ ಬದಲಿಸಿದೆವು ಎಂದು ಸಮಾಧಾನಪಡಬೇಡಿ. ಬೆಲ್ಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಕ್ಕರೆಯೇ. ಜೋನಿಬೆಲ್ಲದಲ್ಲಿ ನೀರಿನ ಅಂಶ ಹೆಚ್ಚು ಅಷ್ಟೇ, ದೋಸೆಯ ಜೊತೆ ಸುರಿದುಕೊಳ್ಳುವಾಗ ಅಳತೆಯೇ ಇರುವುದಿಲ್ಲ.

ನಂತರ ರಾತ್ರಿ ಊಟ. ಮಲಗುವ ಮುಂಚಿನ ಅನ್ನ ಸುಡಲು ಕೆಲಸವೇ ಇಲ್ಲ. 25–30 ಗ್ರಾಂ ಅಕ್ಕಿಯ ಅನ್ನ, ಅಂದರೆ ಒಂದು ಸಣ್ಣ ಬಟ್ಟಲು ಇಟ್ಟುಕೊಂಡು ಮಿಕ್ಕ ಜಾಗಕ್ಕೆ ಬಸಳೆ ಅಥವಾ ಹರಿವೆ, ಬೀನ್ಸ್ ಪಲ್ಯ, ಮೊಟ್ಟೆ ಇಲ್ಲವೇ ಮೀನು. ಘಟ್ಟ ಹತ್ತಿ ಬರುವ ಬೂತಾಯಿ, ಬಂಗುಡೆ ಅಗ್ಗವೂ ಹೌದು, ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಇರುವುದೂ ಅವುಗಳಲ್ಲೇ. ವಾರಕ್ಕೆ ಎರಡು ಸಲ ತಿನ್ನಿ. ಅಕ್ಕಿಹಿಟ್ಟು ಹಚ್ಚಿ ಕರಿದರೆ ಲೆಕ್ಕ ಕೆಡುತ್ತದೆ, ಹುಳಿಮೆಣಸು ಹಾಕಿ ಸಾರು ಮಾಡಿ.

ನಾಲ್ಕನೇ ವಾರ ಬೆಳಗಿನ ತಿಂಡಿಗೆ ಕೈಹಾಕಿ. ಮೂರು ರೊಟ್ಟಿಯ ಜಾಗಕ್ಕೆ ಒಂದು, ಜೊತೆಗೆ ಎರಡು ಮೊಟ್ಟೆ. ಮೊಟ್ಟೆ ತಿನ್ನದವರು 30 ಗ್ರಾಂ ಒಣ ಹೆಸರುಕಾಳನ್ನು ಮೊಳಕೆ ಬರಿಸಿ ಉಸುಲಿ ಮಾಡಿಕೊಳ್ಳಲಿ. ನೀರುದೋಸೆ ತೆಳ್ಳಗಿದೆ, ಹಗುರ ಎಂದು ಏಳೆಂಟು ಒಳಗೆ ಹೋಗುತ್ತವೆ. ಕಾವಲಿ ಮುಂದೆ ಕೂತು ತಿನ್ನಬೇಡಿ, ಎಷ್ಟು ಬೇಕೋ ಅಷ್ಟನ್ನು ತಟ್ಟೆಗೆ ಹಾಕಿಕೊಂಡು ಎದ್ದು ಬನ್ನಿ.

ಮಧ್ಯಾಹ್ನದ ಅನ್ನ ಕೊನೆಗೆ, ಏಕೆಂದರೆ ಬಿಡಲು ಅದೇ ಹೆಚ್ಚು ಕಷ್ಟ. 50 ಗ್ರಾಂ ಅಕ್ಕಿಯ ಅನ್ನ, ಹುರುಳಿಯ ಕಟ್ಟನ್ನಷ್ಟೇ ಬಸಿಯದೆ ಕಾಳೂ ಸೇರಿದ ಸಾರು, ತರಕಾರಿ ಪಲ್ಯ, ಮಜ್ಜಿಗೆ. ಬಡಿಸುವ ಕ್ರಮ ತಿರುಗಿಸಿ. ಮೊದಲು ಪಲ್ಯ, ಕಾಳು ತಿಂದು ಮುಗಿಸಿ, ಆಮೇಲೆ ಅನ್ನ. ಅದೇ ಊಟವನ್ನು ಈ ಕ್ರಮದಲ್ಲಿ ಉಂಡರೆ ಸಕ್ಕರೆ ಏರುವುದು ಕಡಿಮೆ ಎಂದು ಪ್ರಯೋಗಗಳು ತೋರಿಸಿವೆ. ಉಂಡ ಮೇಲೆ 15 ನಿಮಿಷ ನಡೆಯಿರಿ. ಮಳೆಗಾಲದಲ್ಲಿ ಜಗಲಿ, ಅಂಗಳದ ಮಾಡಿನ ಕೆಳಗೆ ಸುತ್ತಿದರೂ ಆಯಿತು.

ಇಷ್ಟಾದರೆ ದಿನದ ಲೆಕ್ಕ 150ರ ಆಸುಪಾಸಿಗೆ ಬರುತ್ತದೆ. ಹಸಿವಾದರೆ ಸಂಜೆ ಒಂದು ಹಿಡಿ, 30 ಗ್ರಾಂ ಹುರಿದ ಶೇಂಗಾ. 60 ಕಿಲೋ ತೂಕದವರಿಗೆ ದಿನಕ್ಕೆ 60–70 ಗ್ರಾಂ ಪ್ರೋಟೀನ್ ಬೇಕು. ಎರಡು ಮೊಟ್ಟೆಗೆ 12, ನೂರು ಗ್ರಾಂ ಮೀನಿಗೆ 18–20, ಒಣಗಿದ 30 ಗ್ರಾಂ ಕಾಳಿಗೆ 7, ಶೇಂಗಾಕ್ಕೆ 7–8 ಎಂದು ಕೂಡಿಸಿ ನೋಡಿ. ಸಸ್ಯಾಹಾರಿಗಳಿಗೆ ಕೊರತೆ ಬೀಳುವುದು ಇಲ್ಲೇ. 30 ಗ್ರಾಂ ಸೋಯಾ ಚಂಕ್ಸ್ ಸೇರಿಸಿದರೆ 15 ಗ್ರಾಂ ಸಿಗುತ್ತದೆ.

ಒಂದೆಲಗದ ತಂಬುಳಿ

ಮರೆವಿನ ಮಾತು ಬಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಒಂದೆಲಗ. ಅದು ನೆನಪಿನ ಶಕ್ತಿ ಹೆಚ್ಚಿಸುತ್ತದೆ ಎನ್ನುವುದಕ್ಕೆ ಮನುಷ್ಯರ ಮೇಲಿನ ಪುರಾವೆ ತೆಳುವಾಗಿದೆ. ಆದರೂ ಈ ಊಟಕ್ಕೆ ತಂಬುಳಿಯಷ್ಟು ಹೊಂದುವ ಪದಾರ್ಥ ಇನ್ನೊಂದಿಲ್ಲ. 25–30 ಎಲೆಗಳನ್ನು ಬೇರಿನ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆಯಿರಿ. ಅರ್ಧ ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಎಲೆ ಬಾಡಿಸಿ, ಎರಡು ದೊಡ್ಡ ಚಮಚ ಕಾಯಿತುರಿಯ ಜೊತೆ ನುಣ್ಣಗೆ ಬೀಸಿ, ದೊಡ್ಡ ಲೋಟ ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಡಿ. ಉಪ್ಪು ಹಿಡಿತದಲ್ಲಿರಲಿ. ಒಂದು ಎಚ್ಚರ: ತಂಬುಳಿ ಕಲಸಿದರೆ ಅನ್ನ ಜಾರಿ ಎರಡು ಪಟ್ಟು ಹೋಗುತ್ತದೆ. ಲೋಟಕ್ಕೆ ಹಾಕಿ ಕುಡಿಯಿರಿ.

ಎಲ್ಲಿ ದಾರಿ ತಪ್ಪುತ್ತದೆ

ರಾಗಿ ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು, ನಿಜ. ಆದರೆ 80 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 55 ಗ್ರಾಂ ಹತ್ತಿರ ಕಾರ್ಬ್ ಇದೆ. ಅಕ್ಕಿಯ ಬದಲು ಅಷ್ಟೇ ರಾಗಿ ತಿಂದರೆ ಲೆಕ್ಕ ಹೆಚ್ಚೇನೂ ಇಳಿಯುವುದಿಲ್ಲ.

ಗೆಡ್ಡೆಗಳನ್ನು ತರಕಾರಿ ಎಂದು ಎಣಿಸುವುದು ಇನ್ನೊಂದು ತಪ್ಪು. ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಬಾಳೆಕಾಯಿ, ಹಲಸಿನ ಬೀಜ ಇವೆಲ್ಲ ಅನ್ನದ ಖಾತೆಗೆ ಸೇರಬೇಕು. ಎಳೆ ಹಲಸು, ಬಾಳೆದಿಂಡು, ಕೆಸುವಿನ ಸೊಪ್ಪು, ಅಣಬೆ, ಕಳಲೆ ಧಾರಾಳವಾಗಿ ತಿನ್ನಬಹುದು. ಕಳಲೆಯನ್ನು ಮಾತ್ರ ಹಚ್ಚಿ, ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸಿಯೇ ಬೇಯಿಸಿ. ಹಸಿಯದರಲ್ಲಿ ಸಯನೈಡ್ ಬಿಡುಗಡೆಯಾಗುವ ಅಂಶವಿದೆ.

ಕೊಬ್ಬರಿ ಎಣ್ಣೆ ಕುಡಿದರೆ ಆಲ್ಝೈಮರ್ ವಾಸಿ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತದೆ. ಕೀಟೋನ್ ಹೆಚ್ಚಿಸುತ್ತದೆಂದು ಪ್ರಯೋಗಗಳಲ್ಲಿ ಬಳಸಿದ ಎಂಸಿಟಿ ಎಣ್ಣೆ (ಬೇಗ ಕೀಟೋನ್ ಆಗುವ ಕೊಬ್ಬನ್ನಷ್ಟೇ ಬೇರ್ಪಡಿಸಿದ ಎಣ್ಣೆ) ಬೇರೆ. ನಮ್ಮ ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ, ಅದು ‘ಕೆಟ್ಟದ್ದು’ ಎನ್ನುವ ಎಲ್‌ಡಿಎಲ್ ಕೊಲೆಸ್ಟರಾಲ್ ಏರಿಸುತ್ತದೆ. ಡಿಮೆನ್ಷಿಯಾ ತಡೆಯುವ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ 14 ಅಪಾಯಕಾರಿ ಅಂಶಗಳ ಪಟ್ಟಿಗೆ ಮಧ್ಯವಯಸ್ಸಿನ ಎಲ್‌ಡಿಎಲ್ ಹೊಸದಾಗಿ ಸೇರಿದೆ. ಒಗ್ಗರಣೆಗೆ, ಪಲ್ಯಕ್ಕೆ ಹಾಕಿ, ಕುಡಿಯಬೇಡಿ. ಅನ್ನ ಬಿಟ್ಟ ಜಾಗವನ್ನು ತುಪ್ಪ, ಹಂದಿಮಾಂಸದಿಂದಲೇ ತುಂಬುವುದೂ ಇದೇ ತಪ್ಪು. 15,000ಕ್ಕೂ ಹೆಚ್ಚು ಅಮೆರಿಕನ್ನರನ್ನು ದಶಕಗಟ್ಟಲೆ ಗಮನಿಸಿದ 2018ರ ಅಧ್ಯಯನದಲ್ಲಿ ಕಾರ್ಬ್ ಬಿಟ್ಟು ಮಾಂಸದ ಕೊಬ್ಬು, ಪ್ರೋಟೀನ್ ಹಿಡಿದವರಲ್ಲಿ ಸಾವು ಹೆಚ್ಚಿತ್ತು. ಕಾಳು, ಶೇಂಗಾದಂಥ ಸಸ್ಯಮೂಲ ಹಿಡಿದವರಲ್ಲಿ ಕಡಿಮೆ ಇತ್ತು.

ಕಾರ್ಬ್ ಇಳಿಸಲು ಶುರುಮಾಡಿದ ಹೊಸದರಲ್ಲಿ ತಲೆಸಿಡಿತ, ಸುಸ್ತು ಬಂದರೆ ಹೆದರಬೇಡಿ. ಕಾರ್ಬ್ ಇಳಿದಾಗ ಮೈಯಿಂದ ನೀರು, ಉಪ್ಪು ಹೆಚ್ಚು ಹೊರಹೋಗುತ್ತದೆ. ದಿನಕ್ಕೆ ಎರಡು ಲೋಟ ಹೆಚ್ಚು ನೀರು ಅಥವಾ ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ. ಬಿಪಿ ಮಾತ್ರೆ ನುಂಗುವವರಿಗೆ ಎದ್ದು ನಿಂತಾಗ ತಲೆಸುತ್ತು ಬಂದರೆ ಬಿಪಿ ನೋಡಿಸಿ, ಡೋಸ್ ಹೆಚ್ಚಾಗಿರಬಹುದು. ಅನ್ನ ಕಡಿಮೆಯಾಗಿ ಅಪ್ಪೆಮಿಡಿ ಉಪ್ಪಿನಕಾಯಿ ಹೆಚ್ಚಾಗದಂತೆ ನೋಡಿಕೊಳ್ಳಿ. ನಲವತ್ತರ ನಂತರ ಮೇಲಿನ ಬಿಪಿ 130 ದಾಟದಂತೆ ಕಾಯುವುದು ಮಿದುಳಿಗೆ ಊಟದಷ್ಟೇ ಮುಖ್ಯ. ಮಲಬದ್ಧತೆಯಾದರೆ ಸೊಪ್ಪು, ಬಾಳೆದಿಂಡು ಸಾಲುತ್ತಿಲ್ಲ ಎಂದರ್ಥ.

ಅದೇ 14ರ ಪಟ್ಟಿಯಲ್ಲಿ ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಧೂಮಪಾನ, ಮಿತಿಮೀರಿದ ಕುಡಿತ, ಒಂಟಿತನವೂ ಇವೆ. ಕಣ್ಣಿನ ಪೊರೆ ತೆಗೆಸದೆ, ಕಿವಿಗೆ ಯಂತ್ರ ಹಾಕಿಸದೆ ಅನ್ನವೊಂದನ್ನೇ ಹಿಡಿದು ಕೂರಬೇಡಿ.

ಹನ್ನೆರಡನೇ ವಾರ

ವಾರಕ್ಕೆ ಎರಡು ದಿನ, ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಗ್ಲುಕೋಮೀಟರ್ ನೋಡಿ ಬರೆದಿಡಿ. ಡಯಾಬಿಟಿಸ್ ಇಲ್ಲದವರಿಗೆ ಊಟದ ನಂತರ 140ರ ಒಳಗಿರಬೇಕು, ಇರುವವರಿಗೆ ಸಾಮಾನ್ಯವಾಗಿ 180ರ ಒಳಗೆ. ಕೈಗೆ ಬೆಲ್ಲ ಅಥವಾ ಹಣ್ಣಿನ ರಸ ಅಂಟಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಸೋಪಿನಲ್ಲಿ ತೊಳೆದು ಒರೆಸಿ ಚುಚ್ಚಿ.

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೆ ಮೊದಲು ಮಾಡಿಸಿದರೆ ಹಳೆಯ ಊಟವೇ ಅದರಲ್ಲಿ ಕಾಣುತ್ತದೆ. 12 ವಾರ ತುಂಬಿದ ಮೇಲೆ ಅದನ್ನೂ ಕೊಲೆಸ್ಟರಾಲನ್ನೂ ಮತ್ತೆ ಮಾಡಿಸಿ. ಕೆಲವರಿಗೆ ಸಕ್ಕರೆ ಚೆನ್ನಾಗಿ ಇಳಿದು ಎಲ್‌ಡಿಎಲ್ ಜೋರಾಗಿ ಏರುತ್ತದೆ. ಅಂಥವರು ತೆಂಗು, ತುಪ್ಪ, ಕೆನೆ ಇಳಿಸಿ ಮೀನು, ಕಾಳು, ಶೇಂಗಾ ಹೆಚ್ಚಿಸಬೇಕು. ತೂಕ ಬೇಕಾದ್ದಕ್ಕಿಂತ ಹೆಚ್ಚು ಇಳಿದಿದ್ದರೆ ಮಧ್ಯಾಹ್ನದ ಅನ್ನವನ್ನು 25 ಗ್ರಾಂನಂತೆ ವಾಪಸ್ ಏರಿಸಿ.

ವೈದ್ಯರ ಬಳಿ ಹೋಗುವಾಗ ಹಳೆಯ ವರದಿ, ಹೊಸ ವರದಿ, ಮಾತ್ರೆ ಚೀಟಿ, ಗ್ಲುಕೋಮೀಟರಿನ ಪುಸ್ತಕ ಒಂದೇ ಚೀಲದಲ್ಲಿರಲಿ. ಮನೆಯ ಹಿರಿಯರ ಮರೆವೇ ಚಿಂತೆಯಾಗಿದ್ದರೆ, ಅದು ಯಾವಾಗ ಶುರುವಾಯಿತು, ಯಾವ ಕೆಲಸ ಮೊದಲು ತಪ್ಪಿತು, ದಿನದ ಯಾವ ಹೊತ್ತಿಗೆ ಗೊಂದಲ ಹೆಚ್ಚು, ಆ ಹೊತ್ತಿನ ಸಕ್ಕರೆ ಎಷ್ಟಿತ್ತು ಎಂದು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಅವರ ಜೊತೆ ದಿನವೂ ಇರುವವರೇ ಹೋಗಬೇಕು. ಕೇಳಿದ್ದಕ್ಕೆಲ್ಲ ‘ಏನೂ ಇಲ್ಲ ಡಾಕ್ಟ್ರೇ, ಚೆನ್ನಾಗಿದ್ದೀನಿ’ ಅಂತಲೇ ಅವರು ಹೇಳುವುದು.